ಸ್ವಾಮಿ ರಾಮಾನಂದ ತೀರ್ಥರು

ಪ್ರತಿ ವರುಷ ಸೆಪ್ಟೆಂಬರ 17ನೆಯ ತಾರೀಖಿಗೆ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ತಾಲೂಕುಗಳ ಕಚೇರಿಗಳ ಮುಂದೆ ಧ್ವಜವೇರುತ್ತದೆ. ಆ ದಿನದ ಭಾಷಣಗಳಲ್ಲಿ ಸರದಾರ ವಲ್ಲಭಭಾಯಿ ಪಟೇಲರ ದಾರ್ಢ್ಯವನ್ನೂ, 1948ರಲ್ಲಿ ಐದು ದಿನಗಳೊಳಗೆ ಮುಗಿದುಹೋದ ಸೈನ್ಯದ ಕಾರ್ಯವನ್ನೂ ವಕ್ತಾರರು ತಪ್ಪದೆ ವರ್ಣಿಸುವರು. ಇದು ಯೋಗ್ಯವೇ ಸರಿ. ಆದರೆ ಆ ಐದು ದಿನಗಳ ಹಿಂದೆ ಹತ್ತು ವರುಷಗಳಿದ್ದವೆಂಬುದನ್ನೂ, ಆ ಹತ್ತು ವರುಷ ನಿಜಾಮನ ಪ್ರಜೆಗಳು ಕೇಳಿದ್ದು ರಾಜನ ತಲೆಯನ್ನಲ್ಲ, ತಮ್ಮಿಂದ ಆಯ್ಕೆಯಾದವರಿಗೆ ಉತ್ತರ ಹೇಳತಕ್ಕ ಒಂದು ಸರಕಾರವನ್ನು ಮಾತ್ರವೆಂಬುದನ್ನೂ, ಅಷ್ಟನ್ನೇ ಕೇಳಿದ್ದಕ್ಕಾಗಿ ಲಾಠಿ, ಸೆರೆಮನೆ, ಕಡೆಗೆ ಗುಂಡು ಕತ್ತಿಗಳೂ ಅವರ ಪಾಲಿಗೆ ಬಂದವೆಂಬುದನ್ನೂ ಹೇಳುವವರು ಕಡಿಮೆ. ಆ ಹತ್ತು ವರುಷಗಳ ಇತಿಹಾಸವನ್ನು ಒಬ್ಬರ ಜೀವನದಲ್ಲಿ ನೋಡಬೇಕಾದರೆ ಸ್ವಾಮಿ ರಾಮಾನಂದ ತೀರ್ಥರ ಜೀವನದಲ್ಲಿ ನೋಡಬೇಕು. ಅವರ ಹೆಸರನ್ನು ನಮ್ಮ ವಾಚಕರಲ್ಲಿ ಕೇಳದವರಿಲ್ಲ. ಆದರೆ ಅವರು ಮರಾಠವಾಡೆಯವರು, ನಮಗೆ ದೂರದವರು ಎಂಬ ಭಾವನೆ ನಮ್ಮ ಕಡೆಯಲ್ಲಿ ಬೇರೂರಿಬಿಟ್ಟಿದೆ. ಈ ಭಾವನೆಗೆ ಆಧಾರವು ಅರ್ಧ ಮಾತ್ರ.

ಸ್ವಾಮೀಜಿಯವರು ಹುಟ್ಟಿದ್ದು 1903ನೆಯ ಇಸವಿ ಅಕ್ಟೋಬರ 3ರಂದು, ವಿಜಾಪುರ ಜಿಲ್ಲೆಯ ಸಿಂದಗಿಯಲ್ಲಿ. ತಂದೆತಾಯಿಗಳು ಇಟ್ಟ ಹೆಸರು ವ್ಯಂಕಟೇಶ. ಖೇಡಗೀಕರ ಎಂಬುದು ಮನೆತನದ ಅಡ್ಡಹೆಸರು. ಭೀಮೆಯ ಈ ದಂಡೆ ಮುಂಬಯಿ ಇಲಾಖೆ, ಆ ದಂಡೆ ನಿಜಾಮ ಸಂಸ್ಥಾನ. ಕನ್ನಡ ಮರಾಠಿಗಳೆರಡೂ ಮನೆಯೊಳಗಿನ ಮಾತೇ ಆಗಿರುವ ಸೀಮೆಯದು. ಬಾಲಕನ ಮೊದಲ ಪಾಠಗಳು ದತ್ತಕ್ಷೇತ್ರವಾದ ಗಾಣಗಾಪುರದಲ್ಲಾದವು. ಮುಂದೆ ವಿದ್ಯಾಭ್ಯಾಸಕ್ಕೆಂದು ಸೊಲ್ಲಾಪುರಕ್ಕೆ ಹೋದನು. 1920ರ ಆಗಸ್ಟ 1ರಂದು ಲೋಕಮಾನ್ಯ ತಿಲಕರು ಕಾಲವಾದರು. ಆ ವಾರ್ತೆಯನ್ನು ಕೇಳಿದ ಹದಿನಾರರ ಹುಡುಗನು ಆಜನ್ಮ ಬ್ರಹ್ಮಚಾರಿಯಾಗಿದ್ದು ದೇಶಸೇವೆಯನ್ನು ಮಾಡುವೆನೆಂದು ಸಂಕಲ್ಪ ಮಾಡಿದನು. ಅದೇ ವರುಷದ ಅಸಹಕಾರದ ಕರೆಗೆ ಓಗೊಟ್ಟು ಸರಕಾರದ ಶಾಲೆಯನ್ನು ಬಿಟ್ಟನು. ಇಂಥ ಸಂಕಲ್ಪಗಳನ್ನು ಆ ವರುಷ ಅದೆಷ್ಟೋ ಹುಡುಗರು ಮಾಡಿದರು, ಮರುವರುಷ ಮರೆತರು. ಈತನು ಮರೆಯಲಿಲ್ಲ.

ಅಮಳನೇರದಲ್ಲಿ ಕೆಲಕಾಲ ಓದಿ, ಅನಂತರ ಪುಣೆಯ ತಿಲಕ ವಿದ್ಯಾಪೀಠವನ್ನು ಸೇರಿ, ಅಲ್ಲಿಯ ಉಚ್ಚ ಪದವಿಯನ್ನು ಪಡೆದರು. ಅವರು ಬರೆದ ಪ್ರಬಂಧದ ವಿಷಯವು ಪ್ರಜಾಪ್ರಭುತ್ವದ ವಿಕಾಸ. ಮುಂದೆ ತಮ್ಮ ಆಯುಷ್ಯವನ್ನೆಲ್ಲ ಯಾವುದಕ್ಕಾಗಿ ತೆತ್ತರೋ ಅದನ್ನು ಮೊದಲು ಪುಸ್ತಕಗಳಲ್ಲಿ ಅಭ್ಯಾಸ ಮಾಡಿದ ಮುಖಂಡರು ನಮ್ಮ ಸಂಸ್ಥಾನಗಳಲ್ಲಿ ವಿರಳ. ಅಭ್ಯಾಸ ಮುಗಿದ ಬಳಿಕ ಕಾರ್ಮಿಕರ ಮುಖಂಡರಾದ ಎನ್. ಎಂ. ಜೋಶಿಯವರ ಸಹಾಯಕರಾಗಿ ದುಡಿದರು. ಗಿರಣಿ ಕೂಲಿಗಳ ಕಷ್ಟ, ಸಂಘಗಳ ಕಟ್ಟುವಿಕೆ, ಸಭೆ ಠರಾವು ಲೆಕ್ಕಪತ್ರಗಳ ಶಿಸ್ತು, ಇವೆಲ್ಲ ಅಲ್ಲಿ ಕೈಗೆ ಹತ್ತಿದವು. ಆದರೆ ದುಡಿತದಿಂದ ದೇಹ ಸೋತಿತು. ದೊಡ್ಡ ಕಾಯಿಲೆಯೊಂದು ಬಂದು ಅವರನ್ನು ಪಟ್ಟಣದ ಕೆಲಸದಿಂದ ಬಿಡಿಸಿತು. ಆ ಕಾಯಿಲೆಯು ನಿಜಾಮ ಸಂಸ್ಥಾನದ ಪ್ರಜೆಗಳಿಗೆ ಉಪಕಾರವನ್ನೇ ಮಾಡಿತೆನ್ನಬೇಕು. ಏಕೆಂದರೆ ಚೇತರಿಸಿಕೊಂಡವರು ಮುಂಬಯಿಗೆ ಮರಳದೆ ಉಸ್ಮಾನಾಬಾದ ಜಿಲ್ಲೆಯ ಹಿಪ್ಪರಗಿಯ ರಾಷ್ಟ್ರೀಯ ಶಾಲೆಗೆ ಶಿಕ್ಷಕರಾಗಿ ಬಂದರು. ಅಲ್ಲಿಯೇ 1930ರಲ್ಲಿ ಸಂನ್ಯಾಸವನ್ನು ತೆಗೆದುಕೊಂಡು ವ್ಯಂಕಟೇಶರು ರಾಮಾನಂದ ತೀರ್ಥರಾದರು. ಕೆಲವು ವರುಷಗಳ ಮೇಲೆ ಅಂಬೇಜೋಗಾಯಿಯ ಯೋಗೇಶ್ವರಿ ಶಾಲೆಗೆ ಹೋದರು. ಕಾವಿ ಉಟ್ಟವರು ಮಠ ಸೇರುವದು ವಾಡಿಕೆ. ಇವರು ಕಾವಿ ಉಟ್ಟ ಮೇಲೆಯೂ ಶಾಲೆಯಲ್ಲಿಯೇ ಉಳಿದರು, ಶಾಲೆಯಿಂದ ಸೆರೆಮನೆಗೆ ಹೋದರು.

ಆಗಿನ ಸಂಸ್ಥಾನದ ಸ್ಥಿತಿಯನ್ನು ಇಂದಿನ ತರುಣ ವಾಚಕರಿಗಾಗಿ ಸ್ವಲ್ಪ ಹೇಳುವದು ಅವಶ್ಯವಾಗಿದೆ. ಹೈದರಾಬಾದು ಸುಮಾರು 82,000 ಚದರ ಮೈಲಿನ ರಾಜ್ಯ. 1941ರ ಜನಗಣತಿಯಂತೆ ಪ್ರಜೆಗಳು 1 ಕೋಟಿ 60 ಲಕ್ಷಕ್ಕೂ ಮಿಕ್ಕಿ. ತೆಲುಗರು, ಮರಾಠರು, ಕನ್ನಡಿಗರು ಕೂಡಿ ಇದ್ದ ಈ ರಾಜ್ಯದಲ್ಲಿ ಆಡಳಿತದ ಭಾಷೆ ಉರ್ದು. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿಯೂ ಪಾಠವೆಲ್ಲ ಉರ್ದುವಿನಲ್ಲೇ. ಕನ್ನಡಿಗರಿದ್ದದ್ದು ಮುಖ್ಯವಾಗಿ ಬೀದರ, ಕಲಬುರ್ಗಿ, ರಾಯಚೂರು ಎಂಬ ಮೂರು ಜಿಲ್ಲೆಗಳಲ್ಲಿ. ನಮ್ಮ ನಾಲ್ಕು ತಾಲೂಕುಗಳು ರಾಯಚೂರು ಜಿಲ್ಲೆಯ ಪಶ್ಚಿಮದ ಅಂಚು. ಅವುಗಳಲ್ಲಿ ಕೊಪ್ಪಳ ಯಲಬುರ್ಗಾಗಳು ಸಾಲಾರಜಂಗರ ಜಹಗೀರು. ಆದಕಾರಣ ಅಲ್ಲಿಯ ರೈತನಿಗೆ ದೊರೆಗಳು ಇಬ್ಬರು, ಹತ್ತಿರದಲ್ಲಿ ಜಹಗೀರದಾರನ ಕಾರಕೂನ, ದೂರದಲ್ಲಿ ನಿಜಾಮ. ಕವಿರಾಜಮಾರ್ಗಕಾರನು ತಿರುಳ್ಗನ್ನಡದ ಸೀಮೆಯೆಂದು ಎಣಿಸಿದ ಕೊಪಣ ನಗರದಲ್ಲಿ, ಅಶೋಕನ ಶಾಸನಗಳನ್ನು ಬೆನ್ನ ಮೇಲೆ ಹೊತ್ತ ಗವಿಮಠದ ಗುಡ್ಡದ ಕೆಳಗೆ, ಒಬ್ಬ ಒಕ್ಕಲಿಗನು ಕಚೇರಿಗೆ ಅರ್ಜಿ ಕೊಡಬೇಕಾದರೆ ಪರಭಾಷೆಯನ್ನು ಬಲ್ಲವನೊಬ್ಬನಿಗೆ ದುಡ್ಡು ತೆತ್ತು ಬರೆಯಿಸಬೇಕಾಗಿದ್ದಿತು.

ಭಾಷೆಯ ಕಷ್ಟಕ್ಕಿಂತಲೂ ಬಾಯಿ ಕಟ್ಟುವ ಕಷ್ಟ ದೊಡ್ಡದು. 1929ರಲ್ಲಿ ಹೊರಟ ಗಸ್ತಿ ನಿಶಾನೆ 53 ಎಂಬ ಸುತ್ತೋಲೆಯಂತೆ ಸರಕಾರದ ಅಪ್ಪಣೆಯಿಲ್ಲದೆ ಸಾರ್ವಜನಿಕ ಸಭೆಯನ್ನು ಕೂಡಿಸುವ ಹಾಗಿರಲಿಲ್ಲ. ಖಾಸಗಿ ಶಾಲೆಯನ್ನು ತೆರೆಯಲಿಕ್ಕೂ ಅಪ್ಪಣೆ ಬೇಕು. ಗಡಿಯಾಚೆಯ ಗದಗು ಹುಬ್ಬಳ್ಳಿಗಳಲ್ಲಿ ಜನ ಉಪ್ಪಿನ ಸತ್ಯಾಗ್ರಹ, ಕರನಿರಾಕರಣೆಗಳನ್ನು ಮಾಡಿ ಜೇಲಿಗೆ ಹೋಗುತ್ತಿದ್ದಾಗ, ಗದಗಿನಿಂದ ರೈಲಿನಲ್ಲಿ ಕೆಲವೇ ತಾಸಿನ ದಾರಿಯ ಕೊಪ್ಪಳದಲ್ಲಿ ಒಂದು ವಾಚನಾಲಯದ ವಾರ್ಷಿಕೋತ್ಸವವೂ ಪೋಲೀಸರ ಕಣ್ಣಿಗೆ ಸಂಶಯದ ಕಾರ್ಯವಾಗಿದ್ದಿತು. ಆದ್ದರಿಂದ ಸಂಸ್ಥಾನದ ಸುಶಿಕ್ಷಿತರು ರಾಜಕೀಯವೆಂಬ ಶಬ್ದವನ್ನು ಬಿಟ್ಟು ಭಾಷೆ, ಗ್ರಂಥಾಲಯ, ಶಿಕ್ಷಣಗಳ ಹೆಸರಿನಲ್ಲಿ ಕೂಡತೊಡಗಿದರು. ತೆಲುಗರಿಗೆ ಆಂಧ್ರ ಮಹಾಸಭೆ, ಮರಾಠರಿಗೆ ಮಹಾರಾಷ್ಟ್ರ ಪರಿಷತ್ತು, ನಮ್ಮವರಿಗೆ ಕರ್ನಾಟಕ ಪರಿಷತ್ತು. ಸ್ವಾಮೀಜಿಯವರು ಮಹಾರಾಷ್ಟ್ರ ಪರಿಷತ್ತಿನ ಕಾರ್ಯದರ್ಶಿಗಳಾಗಿ 1938ರಲ್ಲಿ ಹೈದರಾಬಾದು ನಗರಕ್ಕೆ ಬಂದರು. ಆದರೆ ಮೂರು ಭಾಷೆಯವರು ಮೂರು ಕಡೆ ಕೂತಿರುವತನಕ ಸರಕಾರಕ್ಕೆ ಯಾರ ಭಯವೂ ಇಲ್ಲವೆಂಬುದನ್ನು ಬಹು ಬೇಗ ಕಂಡುಕೊಂಡರು. ಭಾಷೆ ಮತಗಳ ಭೇದವಿಲ್ಲದೆ ಸಂಸ್ಥಾನದ ಯಾವತ್ತು ಪ್ರಜೆಗಳಿಗೂ ಒಂದೇ ಸಂಸ್ಥೆ ಬೇಕೆಂದು ನಿಶ್ಚಯವಾಯಿತು. ಅದೇ ಹೈದರಾಬಾದು ಸ್ಟೇಟ್ ಕಾಂಗ್ರೆಸ್ಸು. ಅದರ ಬೇಡಿಕೆ ನಿಜಾಮನ ಛತ್ರದ ಕೆಳಗೆ ಜವಾಬ್ದಾರಿ ಸರಕಾರ.

ಈ ಬೇಡಿಕೆಯಲ್ಲಿ ರಾಜದ್ರೋಹ ಎಲ್ಲಿಯದು? ರಾಜನು ರಾಜನಾಗಿಯೇ ಇರಲಿ, ಮಂತ್ರಿಗಳು ಪ್ರಜೆಗಳಿಗೆ ಉತ್ತರ ಕೊಡಲಿ, ಇಷ್ಟೇ. ಇದೇ ಬೇಡಿಕೆಯನ್ನು ಅದೇ ವರುಷ ಮೈಸೂರಿನ ಪ್ರಜೆಗಳೂ ಮುಂದಿಟ್ಟಿದ್ದರು. 1938ರ ಏಪ್ರಿಲ 25ರಂದು ವಿದುರಾಶ್ವತ್ಥದಲ್ಲಿ ಧ್ವಜವನ್ನು ಹಿಡಿದು ಕೂಡಿದ ಜನರ ಮೇಲೆ ಗುಂಡು ಹಾರಿಸಿದ ಮೈಸೂರು ಸರಕಾರವೂ ಕೆಲವೇ ದಿನಗಳಲ್ಲಿ ಕಾಂಗ್ರೆಸ್ಸಿನೊಡನೆ ಮಾತುಕತೆಗೆ ಕೂತುಕೊಂಡಿತು. ಹೈದರಾಬಾದಿನ ಸರಕಾರದ ಪದ್ಧತಿಯೇ ಬೇರೆ. ಸ್ಟೇಟ್ ಕಾಂಗ್ರೆಸ್ಸಿನ ಸದಸ್ಯರು ಇನ್ನೂ ಕೂಡಿ ಅಧ್ಯಕ್ಷರನ್ನು ಆರಿಸಿರಲಿಲ್ಲ. ಅಷ್ಟರಲ್ಲಿಯೇ 1938ರ ಸೆಪ್ಟೆಂಬರದಲ್ಲಿ ಸಾರ್ವಜನಿಕ ಸುರಕ್ಷಿತತೆಯ ನಿಬಂಧನೆಯೊಂದನ್ನು ಹೊರಡಿಸಿ ಸಂಸ್ಥೆಯನ್ನು ನಿಷೇಧಿಸಿಬಿಟ್ಟರು. ಹುಟ್ಟದಿದ್ದ ಕೂಸಿಗೆ ಮರಣದಂಡನೆಯನ್ನು ವಿಧಿಸಿದ ಉದಾಹರಣೆ ರಾಜ್ಯಶಾಸ್ತ್ರದಲ್ಲಿ ಹೆಚ್ಚು ಸಿಕ್ಕಲಿಕ್ಕಿಲ್ಲ. ಸರಕಾರದ ಮುಖ್ಯ ತಕರಾರು ಕಾಂಗ್ರೆಸ್ಸೆಂಬ ಹೆಸರಿಗೆ. ಹೆಸರನ್ನು ಬದಲಿಸಿದರೆ ವಿಚಾರ ಮಾಡುವೆವೆಂಬ ಸೂಚನೆಗಳು ಮುಂದೆಯೂ ಬಹಳ ದಿನ ಬರುತ್ತಿದ್ದವು. ಸ್ವಾಮೀಜಿಯವರು ಆ ಬಲೆಗೆ ಬೀಳಲಿಲ್ಲ.

ಅಕ್ಟೋಬರ 24ರಂದು ಸತ್ಯಾಗ್ರಹವು ಪ್ರಾರಂಭವಾಯಿತು. ಗೋವಿಂದರಾವ ನಾನಲರು ಮೊದಲ ತಂಡದ ಮುಂದಾಳು. ಅದೇ ವಾರದಲ್ಲಿ ಸ್ವಾಮೀಜಿಯವರೂ ತಮ್ಮ ತಂಡದೊಡನೆ ಬೀದಿಗಿಳಿದರು. ಅದರ ರೀತಿಯನ್ನು ಗಮನಿಸಬೇಕು. ಇಂಥ ದಿನ, ಇಂಥ ಹೊತ್ತಿಗೆ, ಇಂಥ ಸ್ಥಳದಲ್ಲಿ, ಇಂಥವರು ಬರುವರೆಂದು ಸರಕಾರಕ್ಕೆ ಮುಂಚಿತವಾಗಿಯೇ ತಿಳಿಸುವದು. ಕೈಯಲ್ಲಿ ಕೋಲು ಕೂಡ ಇರಕೂಡದು. ನಿಷಿದ್ಧವಾದ ಸಂಸ್ಥೆಗೆ ತಾವು ಸೇರಿದವರೆಂದು ಘೋಷಿಸಿ, ಪೋಲೀಸರು ಬಂದರೆ ಅವರೊಡನೆ ಸುಮ್ಮನೆ ನಡೆದುಹೋಗುವದು. ಖಟ್ಲೆಯಲ್ಲಿ ತಪ್ಪೊಪ್ಪಿಕೊಳ್ಳುವದೂ ಇಲ್ಲ, ವಕೀಲರನ್ನು ಇಡುವದೂ ಇಲ್ಲ. ಎರಡು ತಿಂಗಳಲ್ಲಿ ನೂರಾರು ಜನ ಹೀಗೆ ಸೆರೆಮನೆಯನ್ನು ಸೇರಿದರು. ಸ್ವಾಮೀಜಿಯವರಿಗೆ ದೀರ್ಘವಾದ ಶಿಕ್ಷೆಯಾಯಿತು. ಅದೇ ಚಳಿಗಾಲದಲ್ಲಿ ವಸತಿಗೃಹಗಳಲ್ಲಿ ವಂದೇ ಮಾತರಂ ಹಾಡಿದ ತಪ್ಪಿಗಾಗಿ ಉಸ್ಮಾನಿಯಾ ವಿಶ್ವವಿದ್ಯಾಲಯವು ವಿದ್ಯಾರ್ಥಿಗಳನ್ನು ಗುಂಪುಗುಂಪಾಗಿ ಹೊರಗೆ ಹಾಕಿತು. ಕಲಬುರ್ಗಿಯ ಕಾಲೇಜಿನಲ್ಲಿಯೂ ಹಾಗೆಯೇ ನಡೆಯಿತು. ಅವರಲ್ಲಿ ಹಲವರಿಗೆ ನಾಗಪುರದ ವಿಶ್ವವಿದ್ಯಾಲಯವು ಆಸರೆ ಕೊಟ್ಟಿತು. ಹೀಗೆ ಹೊರಬಿದ್ದವರಲ್ಲಿ ಒಬ್ಬರು ಪಿ. ವಿ. ನರಸಿಂಹರಾಯರು. ಐವತ್ತಮೂರು ವರುಷಗಳ ಮೇಲೆ, 1991ರಲ್ಲಿ, ಅವರು ಭಾರತದ ಪ್ರಧಾನಮಂತ್ರಿಗಳಾದರು.

ಇಲ್ಲಿ ಸ್ವಾಮೀಜಿಯವರ ಜೀವನದ ಒಂದು ಕಠಿಣ ಪ್ರಸಂಗವನ್ನು ಹೇಳಬೇಕು. ಅದೇ ಕಾಲಕ್ಕೆ ಆರ್ಯಸಮಾಜದವರೂ ಹಿಂದೂ ಮಹಾಸಭೆಯವರೂ ಧಾರ್ಮಿಕ ಹಕ್ಕುಗಳಿಗಾಗಿ ಬೇರೆ ಸತ್ಯಾಗ್ರಹವನ್ನು ಹೂಡಿದ್ದರು. ಹೊರಗಿನಿಂದ ಸಾವಿರಾರು ಸ್ವಯಂಸೇವಕರು ಬರಲಾರಂಭಿಸಿದರು. ಎರಡು ಪ್ರವಾಹಗಳು ಒಂದೇ ಹಳ್ಳದಲ್ಲಿ ಹರಿದಾಗ ಯಾವ ನೀರು ಯಾವುದೆಂದು ಹೇಳುವದೆಂತು? ಇದೆಲ್ಲ ಮುಸಲ್ಮಾನ ಅರಸನ ಮೇಲಿನ ಹಿಂದೂಗಳ ದ್ವೇಷವೇ ಹೊರತು ಜವಾಬ್ದಾರಿ ಸರಕಾರವೆಂಬುದು ಬರಿಯ ಸೋಗೆಂದು ಸರಕಾರದ ಪಕ್ಷದವರು ಸಾರತೊಡಗಿದರು. ಆಗ ಮಹಾತ್ಮಾ ಗಾಂಧಿಯವರ ಸಲಹೆಯಂತೆ ಡಿಸೆಂಬರ 24ರಂದು ಸ್ಟೇಟ್ ಕಾಂಗ್ರೆಸ್ಸಿನವರು ತಮ್ಮ ಸತ್ಯಾಗ್ರಹವನ್ನು ನಿಲ್ಲಿಸಿದರು. ಚಳುವಳಿಯು ಬಲಗೊಳ್ಳುತ್ತಿದ್ದಾಗ ಅದನ್ನು ನಿಲ್ಲಿಸಿದ್ದು ಅನೇಕರಿಗೆ ಹಿಡಿಸಲಿಲ್ಲ. ಅದು ಹೇಡಿತನವೆಂದವರೂ ಇದ್ದರು. ಆದರೆ ಪ್ರಜೆಗಳೆಲ್ಲರ ಸಂಸ್ಥೆಯೆಂದು ಹೇಳಿಕೊಂಡ ಮೇಲೆ ಪ್ರಜೆಗಳಲ್ಲಿ ಒಂದು ಪಾಲಿನವರಿಗೆ ಅದು ತಮ್ಮ ವೈರಿಯಂತೆ ಕಂಡರೆ ಸಂಸ್ಥೆಯ ಬುಡಕ್ಕೇ ಪೆಟ್ಟು. ಆ ನಿರ್ಣಯವು ಸರಿಯಾದದ್ದೆಂದೇ ನಮ್ಮ ಅಭಿಪ್ರಾಯ. ಹತ್ತು ವರುಷಗಳ ಮೇಲೆ ಆ ಭೇದವನ್ನು ಕಾಯ್ದುಕೊಳ್ಳುವದು ಎಷ್ಟು ಕಠಿಣವಾಯಿತೆಂಬುದನ್ನು ನೋಡಿದರೆ 1938ರ ಎಚ್ಚರಿಕೆಯ ಬೆಲೆ ತಿಳಿಯುವದು.

ಸತ್ಯಾಗ್ರಹ ನಿಂತಮೇಲೆ ಸರಕಾರವು 1939ರಲ್ಲಿ ಸುಧಾರಣೆಗಳನ್ನು ಸಾರಿತು. ಶಾಸನಸಭೆಯೊಂದಿರುವದು, ಅದರಲ್ಲಿ ಆಯ್ಕೆಯಾದವರು ಅರ್ಧಕ್ಕಿಂತ ಕಡಿಮೆ. ಆಯ್ಕೆಯೂ ಊರು ತಾಲೂಕುಗಳ ಮೇಲಿಂದಲ್ಲ, ವೃತ್ತಿಗಳ ಮೇಲಿಂದ. ಪ್ರಜೆಗಳಲ್ಲಿ ನೂರಕ್ಕೆ 80ಕ್ಕೂ ಮಿಕ್ಕಿದವರಿಗೂ ಉಳಿದವರಿಗೂ ಸ್ಥಾನಗಳು ಸಮಸಮ. ಈ ಸುಧಾರಣೆಗಳಲ್ಲಿ ಮಂತ್ರಿಗಳನ್ನು ಪ್ರಶ್ನಿಸಿ ಇಳಿಸುವ ಮಾತೇ ಇರಲಿಲ್ಲ. ಇಂಥದನ್ನು ಸ್ವೀಕರಿಸುವದು ಸಾಧ್ಯವಿಲ್ಲವೆಂದು ಸ್ವಾಮೀಜಿಯವರು ದೃಢವಾಗಿದ್ದರು. 1940ರಲ್ಲಿ ಗಾಂಧಿಯವರ ಅನುಮತಿಯನ್ನು ಪಡೆದು ವೈಯಕ್ತಿಕ ಸತ್ಯಾಗ್ರಹವನ್ನು ಮಾಡಿ ಮತ್ತೆ ಸೆರೆಯಾದರು. 1942ರ ಆಗಸ್ಟದಲ್ಲಿ ಮುಂಬಯಿಯ ಅಧಿವೇಶನದಿಂದ ಹಿಂದಿರುಗಿದಾಗ ಮತ್ತೊಮ್ಮೆ. ನಿಷೇಧವನ್ನು ತೆಗೆದದ್ದು 1946ರ ಜುಲೈಯಲ್ಲಿ, ಅಂದರೆ ಎಂಟು ವರುಷಗಳ ಮೇಲೆ. ಸ್ಟೇಟ್ ಕಾಂಗ್ರೆಸ್ಸಿನ ಅಧ್ಯಕ್ಷ ಸ್ಥಾನವು ಅವರಿಗೆ ಬಂದಿತು.

1947ರ ಜೂನದಲ್ಲಿ ಹೈದರಾಬಾದು ನಗರದಲ್ಲಿ ಸ್ಟೇಟ್ ಕಾಂಗ್ರೆಸ್ಸಿನ ಮೊದಲ ಬಹಿರಂಗ ಅಧಿವೇಶನವು ನೆರೆಯಿತು. ಅದೇ ತಿಂಗಳು, ಬ್ರಿಟಿಷರು ಹೋದಮೇಲೆ ತಾವು ಸ್ವತಂತ್ರ ಅರಸರಾಗುವೆವೆಂದು ನಿಜಾಮ ಮೀರ ಉಸ್ಮಾನ ಅಲಿಖಾನರು ಫರ್ಮಾನು ಹೊರಡಿಸಿದ್ದರು. ಈಗ ಬೇಡಿಕೆಗಳು ಎರಡಾದವು, ಜವಾಬ್ದಾರಿ ಸರಕಾರ ಮತ್ತು ಭಾರತದಲ್ಲಿ ಸೇರ್ಪಡೆ. ಆಗಸ್ಟ 7ರಂದು ಸೇರ್ಪಡೆಯ ದಿನವೆಂದು ಸಂಸ್ಥಾನದ ತುಂಬ ಹರತಾಳ, ಮೆರವಣಿಗೆ, ಸಭೆಗಳು ನಡೆದವು. ಲಾಠಿಯ ಪ್ರಹಾರಗಳೂ ಬಂಧನಗಳೂ ನಡೆದವು. ಆಗಸ್ಟ 15ರಂದು ಭಾರತದ ಧ್ವಜವನ್ನು ಏರಿಸಕೂಡದೆಂದು ನಿರ್ಬಂಧ. ಇಡಿಯ ದೇಶವು ಬೆಳಗಾಗುವದನ್ನೇ ಕಾಯುತ್ತಿದ್ದ ಆ ದಿನ ಹೈದರಾಬಾದಿನಲ್ಲಿ ಬೆಳಕು ಹರಿಯುವ ಮುಂಚೆ ಸ್ವಾಮೀಜಿಯವರನ್ನು ಪೋಲೀಸರು ಹಿಡಿದರು. ಆದರೂ ಊರೂರುಗಳಲ್ಲಿ ಹುಡುಗರು ಧ್ವಜವನ್ನೇರಿಸಿದರು, ಏಟು ತಿಂದರು, ಹಿಡಿಯಲ್ಪಟ್ಟರು. ಸೆಪ್ಟೆಂಬರ 2ರಂದು ವರಂಗಲ್ ಜಿಲ್ಲೆಯ ಪರಕಾಲದಲ್ಲಿ ಧ್ವಜವಂದನೆಗೆ ನೆರೆದವರ ಮೇಲೆ ಗುಂಡು ಹಾರಿ ಅನೇಕರು ಅಲ್ಲಿಯೇ ಪ್ರಾಣ ಬಿಟ್ಟರು. ವಕೀಲರು ಕೋರ್ಟುಗಳನ್ನು ಬಿಟ್ಟರು, ವಿದ್ಯಾರ್ಥಿಗಳು ಶಾಲೆಗಳನ್ನು ಬಿಟ್ಟರು. ರೈತರು ಲೆವಿ ಧಾನ್ಯವನ್ನು ಕೊಡುವದಿಲ್ಲವೆಂದರು. ಕಾಯ್ದಿಟ್ಟ ಅಡವಿಗೆ ಹೊಕ್ಕು ಕಡಿಯುವದು, ಅಬಕಾರಿಗೆ ಹುಟ್ಟುವಳಿ ತರುವ ಈಚಲ ಮರಗಳನ್ನು ಉರುಳಿಸುವದು, ಇವೂ ಪ್ರತಿಭಟನೆಯ ಮಾರ್ಗಗಳಾದವು. ಇದನ್ನೆಲ್ಲ ಮಾಡಿದವರು ದೊಡ್ಡ ದೊಡ್ಡ ಮುಖಂಡರಲ್ಲ. ಪಟೇಲಿಕೆ ಶಾನಭೋಗಿಕೆಗಳನ್ನು ಬಿಟ್ಟುಕೊಟ್ಟವರೂ, ಕೊಡಲಿಯೊಂದನ್ನೇ ಬಲ್ಲ ಒಕ್ಕಲಿಗರೂ ಆಗಿದ್ದರು.

ಸರಕಾರದ ಉತ್ತರವು ಎರಡು ಕೈಗಳಿಂದ ಬಂದಿತು. ಒಂದು ಕೈ ಪೋಲೀಸರದು. ಇನ್ನೊಂದು ಲಾತೂರಿನ ವಕೀಲ ಕಾಸಿಂ ರಜವಿಯ ಹಿಂದೆ ನಿಂತ ರಜಾಕಾರರದು. ಇವರು ಇತ್ತೇಹಾದುಲ್ ಮುಸಲ್ಮೀನ್ ಸಂಸ್ಥೆಯ ಸ್ವಯಂಸೇವಕರು. ಸರಕಾರಿ ನೌಕರರಲ್ಲ, ಆದರೆ ಸರಕಾರಿ ನೌಕರರು ಅವರಿಗೆ ಹೆದರುತ್ತಿದ್ದರು. ಅಕ್ಟೋಬರದ ಕೊನೆಯಲ್ಲಿ ಭಾರತದೊಡನೆ ಒಪ್ಪಂದ ಮಾಡಿಕೊಳ್ಳಲಿಕ್ಕೆ ದೆಹಲಿಗೆ ಹೊರಟಿದ್ದ ನಿಜಾಮನ ಪ್ರತಿನಿಧಿಗಳನ್ನೇ ಅವರ ಗುಂಪುಗಳು ಮನೆಗಳಲ್ಲಿ ತಡೆದು ನಿಲ್ಲಿಸಿದವು ಎಂದಮೇಲೆ ಹಳ್ಳಿಯ ಅಮೀನನ ಪಾಡೇನು? ಯಥಾಸ್ಥಿತಿಯ ಕರಾರಿಗೆ ನವೆಂಬರ 29ರಂದು ಸಹಿಗಳು ಬಿದ್ದವು. ಅದರ ಬೆನ್ನಲ್ಲಿಯೇ ಸ್ವಾಮೀಜಿಯವರ ಬಿಡುಗಡೆಯಾಯಿತು. ಅವರು ದೆಹಲಿಗೆ ಹೋಗಿ ಪ್ರಜೆಗಳ ಸ್ಥಿತಿಯನ್ನು ರಾಷ್ಟ್ರದ ನಾಯಕರಿಗೆ ತಿಳಿಸಿದರು. ಗಡಿಯಾಚೆ ಉಳಿದಿದ್ದರೆ ಅವರನ್ನು ಮುಟ್ಟುವವರಿರಲಿಲ್ಲ, ಉಳಿಯಬೇಕೆಂದು ಹೇಳಿದವರೂ ಇದ್ದಿರಬೇಕು. ಆದರೆ ಸಂಸ್ಥೆಯ ಅಧ್ಯಕ್ಷನು ಸಂಸ್ಥಾನದಲ್ಲಿಯೇ ಇರತಕ್ಕದ್ದೆಂದು ಮರಳಿ ಬಂದರು. 1948ರ ಜನವರಿಯಲ್ಲಿ ಮತ್ತೆ ಸೆರೆ. ಮಹಾತ್ಮರ ಕೊಲೆಯ ಸುದ್ದಿ ಅವರಿಗೆ ಮುಟ್ಟಿದ್ದು ಸೆರೆಮನೆಯಲ್ಲಿ.

ಇನ್ನು ನಮ್ಮ ನಾಲ್ಕು ತಾಲೂಕುಗಳ ಮಾತು. ಇಲ್ಲಿಯ ಜನರಿಗೆ ಹೋರಾಟ ಹೊಸದಾಗಿರಲಿಲ್ಲ. 1858ರಲ್ಲಿ ಮುಂಡರಗಿಯ ಭೀಮರಾಯನು ಬಿದ್ದದ್ದು ಕೊಪ್ಪಳದ ಕೋಟೆಯಲ್ಲಿಯೇ. ಮುಖಂಡರೆಲ್ಲ ಸೆರೆಯಾದಮೇಲೆ ಹಳ್ಳಿಗಳ ಮೇಲೆ ರಜಾಕಾರರ ದಾಳಿಗಳು ಹೆಚ್ಚಿದವು. ಸುಲಿಗೆ, ಬೆಂಕಿ, ಮಾನಭಂಗಗಳ ಭಯದಿಂದ ಕುಟುಂಬಗಳು ಬಂಡಿ ಕಟ್ಟಿಕೊಂಡು ರೋಣ, ಗದಗು, ಮುಂಡರಗಿ, ಹೊಸಪೇಟೆಗಳ ಕಡೆಗೆ ಹೋದವು. ಬಿತ್ತಿದ ಹೊಲಗಳು ಹಾಗೆಯೇ ಉಳಿದವು. ಆಗ ಗಡಿಯಾಚೆಯಲ್ಲಿ ಶಿಬಿರಗಳು ಎದ್ದವು. ಮುಂಡರಗಿಯ ಶಿಬಿರಕ್ಕೆ ಅಳವಂಡಿಯ ಶಿವಮೂರ್ತಿಸ್ವಾಮಿಗಳೂ, ಗಜೇಂದ್ರಗಡದ ಶಿಬಿರಕ್ಕೆ ಪುಂಡಲೀಕಪ್ಪ ಜ್ಞಾನಮೋಠೆಯವರೂ ಮುಂದಾಳುಗಳು. ಶಿರೂರ ವೀರಭದ್ರಪ್ಪನವರ ಹೆಸರೂ ಈ ಭಾಗದ ಮನೆಮಾತು. ಉತ್ತರಕ್ಕೆ ಯಾದಗಿರಿಯ ಕಡೆ ಕೊಲ್ಲೂರು ಮಲ್ಲಪ್ಪನವರು. ಶಿಬಿರದ ತರುಣರು ರಾತ್ರಿ ಗಡಿ ದಾಟಿ ಕರೋಡಗಿರಿ ನಾಕೆಗಳನ್ನು ಕಿತ್ತು ಹಾಕುತ್ತಿದ್ದರು, ಪೋಲೀಸ ಠಾಣೆಗಳಿಂದ ಬಂದೂಕುಗಳನ್ನು ಕಸಿಯುತ್ತಿದ್ದರು. ನಿಜಾಮನ ಆಡಳಿತವು ಗಡಿಯ ಹಳ್ಳಿಗಳಲ್ಲಿ ಕುಸಿದುಹೋಯಿತು.

ಇದು ಅಹಿಂಸೆಯೇ ಎಂದು ಕೇಳಿದರೆ ಅಲ್ಲವೆಂದೇ ಹೇಳಬೇಕು. 1938ರಲ್ಲಿ ಕೈಯಲ್ಲಿ ಕೋಲಿಲ್ಲದೆ ಹೊರಟವರ ಸಂಸ್ಥೆಯು 1948ರಲ್ಲಿ ಬಂದೂಕನ್ನು ಹಿಡಿದವರನ್ನು ತನ್ನವರೆಂದಿತು. ನಾಂದೇಡ ಜಿಲ್ಲೆಯ ಉಮರಿಯಲ್ಲಿ ಬ್ಯಾಂಕೊಂದನ್ನು ಲೂಟಿ ಮಾಡಿ ಹೋರಾಟಕ್ಕೆ ಹಣ ಒದಗಿಸಿದ್ದೂ ಆ ಕಾಲದ್ದೇ. ಗಾಂಧೀಮಾರ್ಗದ ಸಂನ್ಯಾಸಿಯೊಬ್ಬನು ಇದನ್ನು ಹೇಗೆ ಸಹಿಸಿದನೆಂದು ಟೀಕಿಸುವವರು ಇಂದಿಗೂ ಉಂಟು. ಸಭೆಗೆ ಅಪ್ಪಣೆಯಿಲ್ಲ, ಪತ್ರಿಕೆಗೆ ಅಪ್ಪಣೆಯಿಲ್ಲ, ಧ್ವಜಕ್ಕೆ ಗುಂಡು, ಸೆರೆಮನೆಯಲ್ಲಿ ಜಾಗವಿಲ್ಲ, ಮನೆಯಲ್ಲಿದ್ದವರಿಗೆ ರಜಾಕಾರರ ಕತ್ತಿ, ಇಷ್ಟಾದಮೇಲೆ ಹಳ್ಳಿಯವನ ಕೈಗೆ ಬಂದೂಕು ಬಂದಿತು. ಅದನ್ನು ತಂದುಕೊಟ್ಟವರು ಯಾರೆಂದು ಟೀಕಾಕಾರರು ಕೇಳಿಕೊಂಡರೆ ಒಳ್ಳೆಯದು. ಆದರೂ ಗಡಿಯ ಶಿಬಿರಗಳಲ್ಲಿ ಎಲ್ಲರೂ ಸಾಧುಗಳೇ ಆಗಿದ್ದರೆಂದು ನಾವು ಬರೆಯಲಾರೆವು. ಗಲಭೆಯ ಕಾಲದಲ್ಲಿ ಸ್ವಂತ ಹಗೆಯನ್ನು ತೀರಿಸಿಕೊಳ್ಳುವವರು ಎಲ್ಲ ಪಕ್ಷಗಳಲ್ಲಿಯೂ ಇರುತ್ತಾರೆ.

1948ರ ಬೇಸಿಗೆ ಮಳೆಗಾಲಗಳು ಅತ್ಯಂತ ಘೋರವಾದವು. ಮೇ ತಿಂಗಳಲ್ಲಿ ಬೀದರ ಜಿಲ್ಲೆಯ ಗೋರಟಾ ಗ್ರಾಮದಲ್ಲಿ ರಜಾಕಾರರು ಸಾಮೂಹಿಕವಾಗಿ ಕೊಲೆಗಳನ್ನು ಮಾಡಿದರು. ಸತ್ತವರನ್ನು ಜನ ಇಂದಿಗೂ ನೂರುಗಳಲ್ಲಿ ಎಣಿಸುತ್ತಾರೆ. ಆಗಸ್ಟ 21ರ ರಾತ್ರಿ ಹೈದರಾಬಾದಿನಲ್ಲಿ ಇಮ್ರೋಜ ಎಂಬ ಉರ್ದು ದೈನಿಕದ ಸಂಪಾದಕ ಶೋಯೆಬುಲ್ಲಾ ಖಾನರು ಕಚೇರಿಯಿಂದ ಮನೆಗೆ ಹೋಗುತ್ತಿದ್ದಾಗ ಅವರ ಮೇಲೆ ಬಿದ್ದು ಗುಂಡಿಕ್ಕಿ ಕೈಯನ್ನು ಕತ್ತರಿಸಿದರು. ಮರುದಿನ ಅವರು ತೀರಿಕೊಂಡರು. ಅವರ ಅಪರಾಧವೇನು? ಸಂಸ್ಥಾನವು ಭಾರತದಲ್ಲಿ ಸೇರುವದೇ ಹಿತವೆಂದೂ, ಪ್ರಜೆಗಳಿಗೆ ಜವಾಬ್ದಾರಿ ಸರಕಾರ ಸಿಕ್ಕಬೇಕೆಂದೂ ಬರೆದದ್ದು. ಪತ್ರಿಕಾವ್ಯವಸಾಯದಲ್ಲಿರುವ ನಾವು ಈ ಹೆಸರನ್ನು ಬರೆಯುವಾಗ ಲೇಖನಿಯನ್ನು ಒಂದು ಗಳಿಗೆ ಕೆಳಗಿಡುವೆವು. ನಿಜಾಮನ ಸಂಸ್ಥಾನದಲ್ಲಿ ನಡೆದದ್ದು ಹಿಂದೂ ಮುಸಲ್ಮಾನರ ಕಾಳಗವೆಂದು ತಿಳಿದವರು ಈ ತರುಣ ಸಂಪಾದಕರ ಕಥೆಯನ್ನು ಓದತಕ್ಕದ್ದು.

ಸೆಪ್ಟೆಂಬರ 13ರಂದು ಭಾರತದ ಸೈನ್ಯವು ಗಡಿಯನ್ನು ದಾಟಿತು. ಜನರಲ್ ಚೌಧರಿಯವರ ಮುಖ್ಯ ಪಡೆ ಬಂದದ್ದು ಸೊಲ್ಲಾಪುರದಿಂದ. 17ರಂದು ನಿಜಾಮನು ಶರಣಾದನು. ಸ್ವಾಮೀಜಿಯವರು ಸೆರೆಮನೆಯಿಂದ ಹೊರಬಂದರು. ಊರೂರಿನಲ್ಲಿ ಹಬ್ಬ. ಆದರೆ ಆ ಹಬ್ಬದ ಹಿಂದೆ ನಡೆದುದನ್ನು ಬಚ್ಚಿಟ್ಟರೆ ಚರಿತ್ರೆ ಬರೆದಂತಾಗದು. ರಜಾಕಾರರ ಪಾಪಕ್ಕೆ ನಿರಪರಾಧಿಗಳಾದ ಮುಸಲ್ಮಾನರು ಪ್ರಾಣವನ್ನು ತೆತ್ತರು. ಭಾರತ ಸರಕಾರವೇ ಕಳಿಸಿದ ಪಂಡಿತ ಸುಂದರಲಾಲರ ಸಮಿತಿಯು 1948ರ ಕೊನೆಯಲ್ಲಿ ಜಿಲ್ಲೆಗಳನ್ನು ತಿರುಗಿ ನೋಡಿ, ಸತ್ತವರು 27,000ದಿಂದ 40,000ದ ವರೆಗೆ ಇರಬಹುದೆಂದು ಅಂದಾಜು ಮಾಡಿತು. ಉಸ್ಮಾನಾಬಾದ, ಕಲಬುರ್ಗಿ, ಬೀದರ, ನಾಂದೇಡ ಜಿಲ್ಲೆಗಳಲ್ಲಿ ಹಾನಿ ಹೆಚ್ಚು. ಆ ವರದಿಯು 2013ರ ವರೆಗೆ ಸಾರ್ವಜನಿಕರಿಗೆ ಸಿಕ್ಕಲಿಲ್ಲ. 1938ರ ಡಿಸೆಂಬರದಲ್ಲಿ ಸತ್ಯಾಗ್ರಹವನ್ನು ನಿಲ್ಲಿಸಿ ಬೈಗಳನ್ನು ತಿಂದವರು ಯಾವ ಅನಾಹುತಕ್ಕೆ ಹೆದರಿದ್ದರೋ ಅದೇ ಆಯಿತು.

ಹೋರಾಟ ಗೆದ್ದ ಸಂಸ್ಥೆಯ ಅಧ್ಯಕ್ಷರಿಗೆ ಮಂತ್ರಿಪದವಿಯು ಕೈಯಳತೆಯಲ್ಲಿದ್ದಿತು. ಸ್ವಾಮೀಜಿಯವರು ಅದನ್ನು ಮುಟ್ಟಲಿಲ್ಲ. ಮೊದಲು ಸೈನಿಕ ಗವರ್ನರರು, 1950ರಿಂದ ವೆಲ್ಲೋಡಿಯವರು, 1952ರ ಚುನಾವಣೆಯ ಮೇಲೆ ಬೂರ್ಗುಲ ರಾಮಕೃಷ್ಣರಾಯರು ಆಡಳಿತ ನಡೆಸಿದರು. ರಾಯರ ಪಕ್ಷಕ್ಕೂ ಸ್ವಾಮೀಜಿಯವರ ಪಕ್ಷಕ್ಕೂ ಸ್ಟೇಟ್ ಕಾಂಗ್ರೆಸ್ಸಿನೊಳಗೆ ಬಹುಕಾಲದ ಮನಸ್ತಾಪವಿದ್ದಿತು. ಆ ಜಗಳಗಳ ವಿವರ ಇಂದು ಯಾರಿಗೂ ಬೇಡ. ನಮಗೆ ಸಂಬಂಧಿಸಿದ ಮಾತೆಂದರೆ 1952ರಲ್ಲಿ ಅವರು ಲೋಕಸಭೆಗೆ ಆರಿಸಿ ಹೋದದ್ದು ಕಲಬುರ್ಗಿಯಿಂದ. ಕನ್ನಡ ಜಿಲ್ಲೆಯ ಮತದಾರರು ತಮ್ಮ ಮೊದಲ ಮತವನ್ನು ಅವರಿಗೆ ಕೊಟ್ಟರು. ಅದೇ ಚುನಾವಣೆಯಲ್ಲಿ ಕುಷ್ಟಗಿ ಕ್ಷೇತ್ರದಿಂದ ಅಳವಂಡಿ ಶಿವಮೂರ್ತಿಸ್ವಾಮಿಗಳು ಪಕ್ಷೇತರರಾಗಿ ಗೆದ್ದು ಅದೇ ಸಭೆಯಲ್ಲಿ ಕೂತರು. ಗಡಿಯ ಶಿಬಿರದ ಮುಂದಾಳು ಮತಪೆಟ್ಟಿಗೆಯ ದಾರಿಯಿಂದ ದೆಹಲಿಗೆ ಹೋದದ್ದು ಕಾಂಗ್ರೆಸ್ಸಿನವರಿಗೆ ಸಹಿಸಿರಲಿಕ್ಕಿಲ್ಲ. ಆದರೆ ಜವಾಬ್ದಾರಿ ಸರಕಾರವೆಂದರೆ ಇದೇ ಅಲ್ಲವೆ? 1957ರಲ್ಲಿ ಸ್ವಾಮೀಜಿಯವರು ಔರಂಗಾಬಾದಿನಿಂದ ಆಯ್ಕೆಯಾದರು.

ಅಷ್ಟರಲ್ಲಿ ಅವರು ಹೋರಾಡಿ ಬಿಡಿಸಿದ ಸಂಸ್ಥಾನವೇ ಇಲ್ಲವಾಗಿದ್ದಿತು. ಹೈದರಾಬಾದನ್ನು ಒಡೆಯದೆ ಇಡಬೇಕೆಂಬ ದೊಡ್ಡವರು ಅನೇಕರಿದ್ದರು, ನೆಹರೂ ಅವರಿಗೂ ಮೊದಲು ಒಡೆಯುವದರಲ್ಲಿ ಒಲವಿರಲಿಲ್ಲ. ಒಡೆಯಲೇಬೇಕೆಂದು, ಪ್ರಜೆಗಳ ಭಾಷೆಯಲ್ಲಿ ನಡೆಯದ ಸರಕಾರವು ಪ್ರಜೆಗಳ ಸರಕಾರವಲ್ಲವೆಂದು ಸ್ವಾಮೀಜಿಯವರು ಪಟ್ಟು ಹಿಡಿದರು. ತಮ್ಮ ಅಧಿಕಾರದ ನೆಲೆಯನ್ನು ತಾವೇ ಮೂರು ತುಂಡು ಮಾಡಿರೆಂದು ಕೇಳಿದ ಮುಖಂಡರನ್ನು ನಾವು ಬೇರೆ ಕಂಡಿಲ್ಲ. 1956ರ ನವೆಂಬರ 1ರಂದು ಮರಾಠಿ ಜಿಲ್ಲೆಗಳು ಮುಂಬಯಿಗೆ, ತೆಲುಗು ಜಿಲ್ಲೆಗಳು ಆಂಧ್ರಕ್ಕೆ, ಬೀದರ ಕಲಬುರ್ಗಿ ರಾಯಚೂರುಗಳು ಮೈಸೂರು ರಾಜ್ಯಕ್ಕೆ ಸೇರಿದವು. ಮುನಿರಾಬಾದಿನ ಹತ್ತಿರ 1945ರಲ್ಲಿ ಎರಡು ಸರಕಾರಗಳು ಎರಡು ದಂಡೆಗಳಲ್ಲಿ ಬೇರೆ ಬೇರೆಯಾಗಿ ಅಸ್ತಿಭಾರ ಹಾಕಿದ ತುಂಗಭದ್ರೆಯ ಅಣೆಕಟ್ಟಿನ ಎರಡೂ ದಂಡೆಗಳ ಮೇಲೆ ಆ ಹೊತ್ತಿಗೆ ಕನ್ನಡದ ಆಡಳಿತ ಬಂದಿದ್ದಿತು. ನಮ್ಮ ನಾಲ್ಕು ತಾಲೂಕುಗಳು 1997ರಲ್ಲಿ ರಾಯಚೂರಿನಿಂದ ಬೇರೆಯಾಗಿ ಕೊಪ್ಪಳ ಜಿಲ್ಲೆಯಾದವು.

ಕೊನೆಯ ವರುಷಗಳಲ್ಲಿ ಸ್ವಾಮೀಜಿಯವರು ಖಾದಿ, ಭೂದಾನ, ಶಿಕ್ಷಣ ಸಂಸ್ಥೆಗಳ ಕೆಲಸದಲ್ಲಿ ತೊಡಗಿದ್ದರು. ಹೈದರಾಬಾದಿನ ಹೋರಾಟದ ತಮ್ಮ ನೆನಪುಗಳನ್ನು 1967ರಲ್ಲಿ ಇಂಗ್ಲಿಷಿನಲ್ಲಿ ಪುಸ್ತಕ ಮಾಡಿದರು. ತಮ್ಮ ವಿಷಯವನ್ನು ಕಡಿಮೆಯಾಗಿಯೂ ಜೊತೆಗಾರರ ವಿಷಯವನ್ನು ಹೆಚ್ಚಾಗಿಯೂ ಹೇಳಿದ ಪುಸ್ತಕವದು. 1972ರ ಜನವರಿ 22ರಂದು ದೇಹವಿಟ್ಟರು. ಬೇಗಂಪೇಟೆಯಲ್ಲಿ ಅವರ ಸ್ಮಾರಕವಿದೆ, ಅದರ ಕಾರ್ಯವನ್ನು ಪಿ. ವಿ. ನರಸಿಂಹರಾಯರು ಬಹುಕಾಲ ನೋಡಿಕೊಂಡರು. 1994ರಲ್ಲಿ ನಾಂದೇಡದಲ್ಲಿ ಸ್ಥಾಪನೆಯಾದ ವಿಶ್ವವಿದ್ಯಾಲಯಕ್ಕೆ ಮಹಾರಾಷ್ಟ್ರದವರು ಅವರ ಹೆಸರನ್ನಿಟ್ಟರು. ಅವರು ಹುಟ್ಟಿದ ಸಿಂದಗಿಯು ವಿಜಾಪುರ ಜಿಲ್ಲೆಯ ತಾಲೂಕು ಸ್ಥಳ. ಕುಷ್ಟಗಿಯಿಂದ ಒಂದು ದಿನದಲ್ಲಿ ಹೋಗಿ ಬರಬಹುದು.